ಹನ್ನೊಂದನೇ ಮೊಳೆ

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ನಿಧಾನ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲಿ ನರ್ಸ್ ಆಗಿ ದುಡಿದವಳು ನಾನು. ರೋಗಿಯ ಮುಖವನ್ನೇ ನೋಡದೆ ಚಾರ್ಟು ತುಂಬಿಸಿ ಹೋಗುವವರನ್ನು ಕಂಡರೆ ಆಗಲೂ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಈ ಕತೆಯಲ್ಲಿ ಬರುವ ಮ್ಯಾನೇಜರನಿಗೆ ಬಹುವಚನ ಹಚ್ಚಲು ನನ್ನ ಕೈ ಒಪ್ಪುತ್ತಿಲ್ಲ, ಓದುವವರು ಕ್ಷಮಿಸಬೇಕು. ಆದರೆ ಇದು ಅವನ ಕತೆಯಲ್ಲ. ದೋಣಿಕಟ್ಟೆಯಲ್ಲಿ ನಲವತ್ತು ವರ್ಷ ಒಂದು ಸ್ಟೂಲಿನ ಮೇಲೆ ಕೂತು, ನೀರಿಗೆ ಹೋದವರು ತಿರುಗಿ ಬಂದರೋ ಇಲ್ಲವೋ ಎಂದು ನೋಡಿಕೊಂಡ ಒಬ್ಬ ಹೆಂಗಸಿನ ಕತೆ. ಊರಿಗೆ ಊರೇ ಅವರನ್ನು ಬಿಲ್ಲೆ ಅತ್ತೆ ಎಂದು ಕರೆಯುತ್ತಿತ್ತು.

ಆ ಊರಿಗೆ ನಾನು ಹೋಗುತ್ತಿದ್ದುದು ಮೀನು ಹಿಡಿಯಲು. ಗಾಳದ ಹುಚ್ಚು ಮೊದಲು ನಮ್ಮ ಯಜಮಾನರದು. ವರ್ಷಕ್ಕೊಮ್ಮೆ ಒಂದು ವಾರ ರಜೆ ಹಾಕಿ ಅಲ್ಲಿಗೆ ಹೋಗುವುದು, ಬೆಳಗಿನಿಂದ ಸಂಜೆಯ ತನಕ ದೋಣಿಯಲ್ಲಿ ಕೂರುವುದು. ಪಕ್ಕದಲ್ಲಿ ಕೂತು ಆಕಳಿಸಿ ಆಕಳಿಸಿ ಸಾಕಾಗಿ ಒಂದು ದಿನ ನಾನೂ ಕೋಲು ಹಿಡಿದೆ. ಅವತ್ತು ನನಗೆ ಎರಡು ಮೀನು ಬಿತ್ತು, ಅವರಿಗೆ ಒಂದೂ ಇಲ್ಲ. ಆಮೇಲೆ ಅವರ ಮೊಣಕಾಲು ಕೈಕೊಟ್ಟಿತು, ಅವರು ಮನೆಯಲ್ಲಿ ಉಳಿದರು, ನಾನು ಒಬ್ಬಳೇ ಹೋಗತೊಡಗಿದೆ. ಅರವತ್ತು ದಾಟಿದ ಹೆಂಗಸು ಒಬ್ಬಳೇ ಗಾಳದ ಕೋಲು ಹೆಗಲಿಗೇರಿಸಿ ಲಾಡ್ಜಿನ ಮೆಟ್ಟಿಲು ಹತ್ತಿದರೆ ನೋಡುವವರ ಕಣ್ಣು ಎಷ್ಟು ದೊಡ್ಡದಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ನಾನು ತಲೆಗೆ ಹಚ್ಚಿಕೊಳ್ಳುವುದಿಲ್ಲ.

ಲಾಡ್ಜು, ದೋಣಿಕಟ್ಟೆ ಎರಡನ್ನೂ ವಹಿಸಿಕೊಂಡ ಹೊಸ ಆಡಳಿತದವರು ಫಲಕದಲ್ಲಿ ‘ಸರೋವರ’ ಎಂದು ಬರೆಸಿದ್ದಾರೆ. ಊರವರ ಬಾಯಲ್ಲಿ ಅದು ಕೆರೆಯೇ. ಕೆರೆ ಅಂದರೆ ಈ ದಡದಲ್ಲಿ ನಿಂತು ಕೂಗಿದರೆ ಆ ದಡಕ್ಕೆ ಕೇಳುವಂಥದ್ದಲ್ಲ. ಗುಡ್ಡದ ಬುಡವನ್ನು ಸುತ್ತಿ ಮೂರು ತಿರುವು ಹೋಗಿದೆ. ಮೂರನೇ ತಿರುವಿನ ಆಚೆ ಹಳೆಯ ಮರಗಳ ಮೋಟುಗಳು ನೀರೊಳಗೆ ನಿಂತಿವೆ, ಮೀನು ಜಾಸ್ತಿ ಇರುವುದೂ ಅಲ್ಲೇ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಕೆರೆಯ ಸ್ವಭಾವವೇ ಬೇರೆ. ಫೋನು ಮೊದಲನೇ ತಿರುವಿನಲ್ಲೇ ಸತ್ತುಹೋಗುತ್ತದೆ.

ಕಟ್ಟೆಯ ತಗಡಿನ ಸೂರಿನಡಿ ಒಂದು ಹಲಗೆ. ಅದರಲ್ಲಿ ಇಪ್ಪತ್ತು ಮೊಳೆ, ಒಂದೊಂದು ಮೊಳೆಯ ಕೆಳಗೆ ಬಿಳಿ ಬಣ್ಣದಲ್ಲಿ ಒಂದರಿಂದ ಇಪ್ಪತ್ತರ ತನಕ ನಂಬರು. ಇಪ್ಪತ್ತು ದೋಣಿಗೆ ಇಪ್ಪತ್ತು ಹಿತ್ತಾಳೆ ಬಿಲ್ಲೆ. ದೋಣಿ ದಡದಲ್ಲಿದ್ದರೆ ಅದರ ಬಿಲ್ಲೆ ಮೊಳೆಯ ಮೇಲೆ. ದೋಣಿ ನೀರಿಗೆ ಇಳಿಯುವಾಗ ಬಿಲ್ಲೆ ದೋಣಿಯವನ ಕೊರಳಿಗೆ. ಖಾಲಿ ಮೊಳೆ ಅಂದರೆ ಯಾರೋ ಇನ್ನೂ ಹೊರಗಿದ್ದಾರೆ. ಸಂಜೆ ಹಲಗೆ ತುಂಬಿದ ಮೇಲೆಯೇ ಗೇಟಿಗೆ ಬೀಗ. ಒಂದು ಮೊಳೆ ಖಾಲಿ ಉಳಿದರೂ ಮೂರು ದೋಣಿ ಹುಡುಕಲು ಹೋಗಬೇಕು, ಮಳೆಯಿರಲಿ ಚಳಿಯಿರಲಿ. ಇಷ್ಟೇ ನಿಯಮ. ಓದು ಬರಹ ಬಾರದವನಿಗೂ ಅರ್ಥವಾಗುವ ನಿಯಮ. ಮ್ಯಾನೇಜರನೊಬ್ಬನಿಗೆ ಅರ್ಥವಾಗಲಿಲ್ಲ.

ಅತ್ತೆಯ ಅಪ್ಪ ಆ ಕಟ್ಟೆಯ ಕಾವಲುಗಾರರಾಗಿದ್ದರಂತೆ. ಅವರ ಕಣ್ಣಿಗೆ ಪೊರೆ ಬಂದು ನಂಬರು ಕಾಣದಾದಾಗ ಹದಿನೇಳು ವರ್ಷದ ಮಗಳು ಪಕ್ಕದಲ್ಲಿ ನಿಂತು ಓದಿ ಹೇಳತೊಡಗಿದಳು. ಅಪ್ಪ ಹೋದ ಮೇಲೆ ಸ್ಟೂಲು ಅವಳದೇ ಆಯಿತು. ದೋಣಿಯವರು ಮೊದಮೊದಲು ಲೇವಡಿ ಮಾಡಿದರು. ‘ನಿನ್ನೆ ಮೊನ್ನೆ ಕಣ್ಣು ಬಿಟ್ಟ ಹುಡುಗಿ ನಮ್ಮ ಲೆಕ್ಕ ಇಡ್ತಾಳಂತೆ’ ಎಂದು ಬೇಕೆಂದೇ ಬಿಲ್ಲೆಯನ್ನು ಜೇಬಿಗಿಳಿಸಿ ಮನೆಗೆ ಹೋಗುತ್ತಿದ್ದರು. ಅವಳು ಅವರವರ ಮನೆ ಬಾಗಿಲಿಗೇ ಹೋಗಿ, ಊಟದ ತಟ್ಟೆಯ ಮುಂದೆ ಕೈ ಚಾಚಿ ನಿಲ್ಲುತ್ತಿದ್ದಳು. ಹೆಂಡತಿಯರು ನಕ್ಕರು, ಗಂಡಂದಿರಿಗೆ ಅವಮಾನವಾಯಿತು. ಒಂದು ತಿಂಗಳಲ್ಲಿ ಎಲ್ಲರೂ ದಾರಿಗೆ ಬಂದರು. ಮದುವೆಯ ದಿನವೂ ಅತ್ತೆ ಸಂಜೆ ಐದಕ್ಕೆ ಕಟ್ಟೆಗೆ ಬಂದು, ಹಲಗೆ ತುಂಬುವ ತನಕ ಕೂತಿದ್ದು, ಆಮೇಲೆ ಗಂಡನ ಮನೆಗೆ ಹೋದರೆಂದು ಊರಲ್ಲಿ ಇವತ್ತಿಗೂ ಹೇಳಿ ನಗುತ್ತಾರೆ. ಗಂಡ ಮೀನಿನ ವ್ಯಾನು ಓಡಿಸುವವರು, ವಾರದಲ್ಲಿ ಐದು ದಿನ ರಸ್ತೆಯ ಮೇಲೆಯೇ. ‘ಇವಳು ನನ್ನನ್ನ ಕಾದಿದ್ದೇ ಇಲ್ಲ, ನನಗೆ ಬಿಲ್ಲೆ ಇಲ್ಲವಲ್ಲ’ ಎಂದು ಅವರದೊಂದು ಖಾಯಂ ಜೋಕು.

ನನಗೂ ಅತ್ತೆಗೂ ಪರಿಚಯವಾದದ್ದು ಜಗಳದಿಂದ. ಯಜಮಾನರು ಇನ್ನೂ ಬರುತ್ತಿದ್ದ ಕಾಲ. ಒಂದು ದಿನ ದೋಣಿಯವನ ಕೊರಳಿನ ಬಿಲ್ಲೆಯನ್ನು ನೋಡಲು ಕೇಳಿ ಇಸಿದುಕೊಂಡವರು ಮಾತಿನ ಭರದಲ್ಲಿ ತಮ್ಮ ಜೇಬಿಗೆ ಹಾಕಿಕೊಂಡು ಲಾಡ್ಜಿಗೆ ಬಂದುಬಿಟ್ಟಿದ್ದಾರೆ. ಊಟಕ್ಕೆ ಕೂತಿದ್ದೆವು. ಒದ್ದೆ ಚಪ್ಪಲಿಯಲ್ಲಿ ಪಚಪಚ ಸದ್ದು ಮಾಡುತ್ತ ಒಬ್ಬ ಹೆಂಗಸು ನೇರ ನಮ್ಮ ಮೇಜಿಗೆ ಬಂದರು.

‘ಹದಿನಾಲ್ಕು ಕೊಡಿ.’

‘ಏನು ಹದಿನಾಲ್ಕು?’ ಎಂದರು ಯಜಮಾನರು.

‘ನಿಮ್ಮ ಜೇಬಲ್ಲಿದೆ. ನೀವಿಲ್ಲಿ ಸಾರು ಕುಡೀತಿದ್ದೀರಿ, ಅಲ್ಲಿ ಮೂರು ಗಂಡಸರು ನಿಮ್ಮ ಹೆಣ ಹುಡುಕೋಕೆ ಹೊರಟಿದ್ದಾರೆ.’

ನಾನು ನಕ್ಕುಬಿಟ್ಟೆ. ಅವರು ನನ್ನತ್ತ ತಿರುಗಿ, ‘ನಗ್ತೀರಾ? ನೀವೇನು ಕೆಲಸ ಮಾಡೋದು?’ ಎಂದರು. ನರ್ಸ್ ಎಂದೆ. ‘ಹಂಗಾದ್ರೆ ನೀವಾದ್ರೂ ನಗಬಾರದಿತ್ತು’ ಎಂದು ಬಿಲ್ಲೆ ತೆಗೆದುಕೊಂಡು ನಡೆದೇಬಿಟ್ಟರು. ಮಾರನೇ ಬೆಳಿಗ್ಗೆ ಕಟ್ಟೆಗೆ ಹೋಗಿ ತಪ್ಪಾಯಿತು ಎಂದೆ. ಫ್ಲಾಸ್ಕಿನ ಚಹಾದಲ್ಲಿ ಅರ್ಧ ನನಗೆ ಬಗ್ಗಿಸಿಕೊಟ್ಟರು. ಅವತ್ತಿನಿಂದ ನಾನು ನರ್ಸಮ್ಮ.

ದೋಣಿಯವರಿಗೆ ಹಿಂದೆ ಇನ್ನೊಂದು ಅಭ್ಯಾಸವಿತ್ತಂತೆ. ಸಂಜೆ ದಡದಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೀರು ನೋಡುವುದು, ಕಟ್ಟಿದ ದೋಣಿಗಳನ್ನು ಎಣಿಸುವುದು. ಒಬ್ಬ ಹತ್ತೊಂಬತ್ತು ಎಂದರೆ ಇನ್ನೊಬ್ಬ ಇಪ್ಪತ್ತೊಂದು ಎನ್ನುತ್ತಿದ್ದ. ಅತ್ತೆ ಬೈದು ಬೈದು ಅದನ್ನು ಬಿಡಿಸಿದ್ದರು. ‘ಕಣ್ಣು ಮೋಸ ಮಾಡುತ್ತೆ ಕಣ್ರೋ, ಹಲಗೆ ಮೋಸ ಮಾಡಲ್ಲ’ ಎಂದು ನನ್ನೆದುರೇ ಎಷ್ಟು ಸಲ ಹೇಳಿದ್ದಾರೋ. ಹಾಗಾಗಿ ಸಂಜೆಯಾದರೆ ಅಲ್ಲಿ ಯಾರೂ ನೀರು ನೋಡುತ್ತಿರಲಿಲ್ಲ. ಹಲಗೆಯತ್ತ ಒಂದು ಸಲ ಕಣ್ಣು ಹಾಯಿಸಿ, ತುಂಬಿದೆ ಎಂದು ಕಂಡರೆ ಟವೆಲು ಕೊಡವಿ ಮನೆಗೆ ಹೋಗುತ್ತಿದ್ದರು.

ಹೊಸ ಆಡಳಿತ ಬಂದದ್ದು ಹೋದ ವರ್ಷ. ಜತೆಗೆ ಈ ಮ್ಯಾನೇಜರ್. ಮೂವತ್ತೈದರ ಆಸುಪಾಸು, ಕೆರೆಯ ಊರಲ್ಲಿದ್ದೂ ಒಂದು ದಿನವೂ ಒದ್ದೆಯಾಗದ ಬೂಟು. ಬಂದ ವಾರವೇ ಹಲಗೆಯ ಮುಂದೆ ನಿಂತು, ‘ಇದೇನಮ್ಮ, ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ’ ಎಂದನಂತೆ. ಎಂಟು ದೋಣಿ ಹೊರಗಿದ್ದ ಹೊತ್ತು ಅದು. ‘ಹಲ್ಲು ಸಂಜೆ ಬರುತ್ತೆ ಸ್ವಾಮಿ’ ಎಂದರಂತೆ ಅತ್ತೆ. ಅವನಿಗೆ ಅದು ಜೋಕು ಎನಿಸಲಿಲ್ಲ.

ಇನ್ನು ಆ ದಿನದ ಸಂಗತಿ ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಹನ್ನೊಂದನೇ ನಂಬರಿನಲ್ಲಿ ಹೊರಟೆವು. ಹುಟ್ಟು ಹಾಕುವವನು ಅತ್ತೆಯ ಸ್ವಂತ ತಮ್ಮ, ಐವತ್ತು ದಾಟಿದವನು, ಮದುವೆಯಾಗಿಲ್ಲ, ಅಕ್ಕನ ಮನೆಯಲ್ಲೇ ಊಟ. ನನ್ನನ್ನು ಅಕ್ಕ ಎಂದೇ ಕರೆಯುತ್ತಾನೆ. ಅತ್ತೆ ಬಿಲ್ಲೆಯನ್ನು ಅವನ ಕೊರಳಿಗೆ ಹಾಕಿ, ‘ಐದರೊಳಗೆ ಬಾ’ ಎಂದರು. ನನಗೆ, ‘ಮೂರನೇ ತಿರುವು ದಾಟಬೇಡಿ ಅಂದ್ರೆ ನೀವು ಕೇಳಲ್ಲ, ಹೇಳಿ ಬಾಯಿ ಯಾಕೆ ನೋಯಿಸ್ಕೊಳ್ಳಲಿ’ ಎಂದರು. ಹೌದು, ಕೇಳಲಿಲ್ಲ.

ಅದೇ ದಿನ ಮೇಲಿನ ಕಚೇರಿಯ ದೊಡ್ಡವರು ಬರುವವರಿದ್ದರಂತೆ. ಕಟ್ಟೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಸುವುದು, ಆ ಫೋಟೋವನ್ನು ಜಾಹೀರಾತಿಗೆ ಹಾಕುವುದು ಮ್ಯಾನೇಜರನ ಹಂಚಿಕೆ. ಮಧ್ಯಾಹ್ನದ ಮೇಲೆ ಉಳಿದ ಹತ್ತೊಂಬತ್ತು ದೋಣಿಗಳನ್ನು ದಡದಲ್ಲೇ ಕಟ್ಟಿಸಿದ. ಹತ್ತೊಂಬತ್ತು ಗಂಡಸರಿಗೂ ಒಗೆದ ಅಂಗಿ ಹಾಕಿಸಿದ. ಮುರುಕು ಸ್ಟೂಲಿನ ಮೇಲೆ ಕೂತ ಹೆಂಗಸು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಅತ್ತೆಯನ್ನು ಲಾಡ್ಜಿನ ಅಡುಗೆಮನೆಗೆ, ಅತಿಥಿಗಳ ಲೋಟ ತೊಳೆಯಲು ಕಳಿಸಿದ. ಕೇಳಿ, ನಲವತ್ತು ವರ್ಷ ಜೀವ ಕಾದ ಕೈಗೆ ಲೋಟ ತೊಳೆಯುವ ಕೆಲಸ! ಅತ್ತೆ ಹೋಗುವ ಮುಂಚೆ ಅವನ ಮುಂದೆ ನಿಂತು ಹೇಳಿದರಂತೆ:

‘ಹನ್ನೊಂದು ಹೊರಗಿದೆ. ಆ ಮೊಳೆ ಖಾಲಿ ಇರಲಿ. ಯಾರೂ ಮುಟ್ಟಬಾರದು.’

‘ಆಯ್ತಮ್ಮ, ಆಯ್ತು. ನೀವು ಹೋಗಿ’ ಎಂದನಂತೆ.

ಅವರು ಹೋದದ್ದೇ ತಡ, ಫಲಕ ಬರೆಯುವ ಪೇಂಟರನ್ನು ಕರೆಸಿದ. ತಗಡಿನ ಒಂದು ಚೂರನ್ನು ದುಂಡಗೆ ಕತ್ತರಿಸಿ, ಹಿತ್ತಾಳೆ ಬಣ್ಣ ಬಳಿದು, ‘೧೧’ ಎಂದು ಬರೆಸಿ ಖಾಲಿ ಮೊಳೆಗೆ ನೇತುಹಾಕಿಸಿದ. ಹತ್ತು ನಿಮಿಷದ ಕೆಲಸ, ದೋಣಿಯವರು ಅಂಗಿ ಬದಲಾಯಿಸಲು ಲಾಡ್ಜಿಗೆ ಹೋಗಿದ್ದ ಹೊತ್ತು. ಹಲಗೆಯ ಬಾಯಿತುಂಬ ಹಲ್ಲು ಬಂತು. ದೊಡ್ಡವರು ಬಂದರು, ನಕ್ಕರು, ಫೋಟೋ ತೆಗೆಸಿಕೊಂಡರು, ಊಟಕ್ಕೆ ಹೋದರು. ಅವನೂ ಅವರ ಹಿಂದೆಯೇ ಹೋದ. ತಗಡು ಅಲ್ಲೇ ಉಳಿಯಿತು.

ಆ ಹೊತ್ತಿಗೆ ನಾವು ಮೂರನೇ ತಿರುವಿನ ಆಚೆ ಇದ್ದೆವು. ಎರಡು ಗಂಟೆಗೆ ಗಾಳಿ ಎದ್ದಿತು. ಅತ್ತೆಯ ತಮ್ಮ ನನ್ನ ಗಾಳ ಎತ್ತಿಸಿ ದೋಣಿ ತಿರುಗಿಸಿದ. ಸ್ವಲ್ಪ ದೂರ ಬಂದಿರಬೇಕು, ಹುಟ್ಟು ಸಿಕ್ಕಿಸುವ ಕಬ್ಬಿಣದ ಗೂಟ ಮುರಿದುಬಿತ್ತು. ಒಂದೇ ಹುಟ್ಟಿನಲ್ಲಿ ದೋಣಿ ಬುಗುರಿಯಂತೆ ಸುತ್ತಿತು. ಗಾಳಿ ನಮ್ಮನ್ನು ಎತ್ತಿ ಮರದ ಮೋಟಿನ ಮೇಲೆ ಕುಕ್ಕಿತು. ತಳದ ಹಲಗೆ ಬಾಯಿಬಿಟ್ಟಿತು. ದೋಣಿ ಅರ್ಧ ಮುಳುಗಿ ಎರಡು ಮೋಟಿನ ನಡುವೆ ಸಿಕ್ಕಿಕೊಂಡಿತು. ಅಲುಗಿದರೆ ಜಾರಿ ಆಳಕ್ಕೆ ಹೋಗುವುದು ಖಂಡಿತ. ನನಗೆ ಈಜು ಬರುವುದಿಲ್ಲ. ಅವನಿಗೆ ಬರುತ್ತದೆ. ಈಜಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ನೀರಿಗಿಳಿದು ಮೋಟಿನ ಮೇಲೆ ಕಾಲೂರಿ, ದೋಣಿ ಜಾರದಂತೆ ಎರಡೂ ಕೈಯಲ್ಲಿ ಹಿಡಿದು ನಿಂತ. ನೀರು ಅವನ ಎದೆಯ ತನಕ ಇತ್ತು.

‘ಹೆದರಬೇಡಿ ಅಕ್ಕ. ಐದಕ್ಕೆ ನಮ್ಮಕ್ಕ ಹಲಗೆ ನೋಡ್ತಾಳೆ. ಖಾಲಿ ಮೊಳೆ ಕಂಡ್ರೆ ಒಂದು ನಿಮಿಷ ಕೂರಲ್ಲ. ಆರಕ್ಕೆಲ್ಲ ಬಂದುಬಿಡ್ತಾರೆ.’

ನಾನು ನಂಬಿದೆ. ಆಸ್ಪತ್ರೆಯಲ್ಲಿ ಎಷ್ಟೋ ಜನಕ್ಕೆ ಧೈರ್ಯ ಹೇಳಿದವಳಿಗೆ ಅವತ್ತು ಅವನು ಧೈರ್ಯ ಹೇಳಿದ. ಐದಾಯಿತು. ಆರಾಯಿತು. ಕಿವಿ ನಿಮಿರಿಸಿ ಕೂತೆವು, ಹುಟ್ಟಿನ ಸದ್ದಿಲ್ಲ. ಅವನ ತುಟಿ ನೀಲಿಗಟ್ಟುತ್ತಿತ್ತು. ಅದರ ಅರ್ಥವೇನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಗ್ಗಿ ಅವನ ಕೈ ಉಜ್ಜಿದೆ, ನಿದ್ದೆ ಹೋಗದಂತೆ ಮಾತಾಡಿಸಿದೆ. ನಾಲಿಗೆ ತೊದಲುತ್ತಿತ್ತು. ದೋಣಿ ಬಿಟ್ಟು ದಡಕ್ಕೆ ಹೋಗು ಎಂದು ಬೈದೆ, ಅಳುತ್ತ ಬೇಡಿಕೊಂಡೆ. ಅವನು ಒಲ್ಲೆನೆಂದು ತಲೆಯಾಡಿಸಿದ ಅಷ್ಟೇ. ಆಮೇಲೆ ಇದ್ದಕ್ಕಿದ್ದಂತೆ ಚಿಕ್ಕ ಮಗುವಿನ ಹಾಗೆ, ‘ಅಕ್ಕ ನೋಡಲಿಲ್ವಾ?’ ಎಂದ. ನನ್ನನ್ನು ಕೇಳಿದ್ದಲ್ಲ ಅದು. ಜೀವ ಹೋಗುತ್ತದೆ ಎನ್ನುವುದಕ್ಕಿಂತ ಅಕ್ಕ ನೋಡಲಿಲ್ಲ ಎನ್ನುವುದೇ ಅವನಿಗೆ ಹೆಚ್ಚು ನೋವಾದಂತಿತ್ತು. ಈಗ ಬರೆಯುವಾಗಲೂ ಆ ಮ್ಯಾನೇಜರನ ಮುಖ ನೆನಪಾಗಿ ಹಲ್ಲು ಕಡಿಯುವಂತಾಗುತ್ತದೆ.

ದಡದಲ್ಲಿ ಆದದ್ದನ್ನು ಆಮೇಲೆ ಕೇಳಿ ತಿಳಿದುಕೊಂಡೆ. ಐದಕ್ಕೆ ಹತ್ತೊಂಬತ್ತು ಜನ ಗಂಡಸರೂ ಒಗೆದ ಅಂಗಿ ಬಿಚ್ಚಿಟ್ಟು ಹಲಗೆಯತ್ತ ಕಣ್ಣು ಹಾಯಿಸಿದರು. ತುಂಬಿತ್ತು. ಹೊರಟುಹೋದರು. ಗೇಟಿನ ಕಾವಲಿನವನು ಬೀಗ ಹಾಕಿದ. ಆರು ಗಂಟೆಗೆ ಅತ್ತೆ ಲೋಟ ತೊಳೆದು ಮುಗಿಸಿ ಓಡಿ ಬಂದರು. ಬೇಲಿಯಾಚೆಯಿಂದಲೇ ನೋಡಿದರು. ‘ಎಲ್ಲ ಬಂದಾಯ್ತು ಅತ್ತೆ, ಹಲಗೆ ತುಂಬಿದೆ’ ಎಂದ ಕಾವಲಿನವನು. ಅವರ ಕಣ್ಣಿಗೂ ತುಂಬಿದ್ದೇ ಕಂಡಿತು. ಅತ್ತೆ ಮನೆಗೆ ಹೋದರು.

ಹೌದು, ಅತ್ತೆಯೂ ಮನೆಗೆ ಹೋದರು. ಅಕ್ಕಿ ತೊಳೆದು ಒಲೆಯ ಮೇಲಿಟ್ಟರು. ತಮ್ಮನ ತಟ್ಟೆ ತೆಗೆದಿಟ್ಟರು. ಬಂದವನು ಯಾರ ಜತೆಯೋ ಹರಟೆಗೆ ನಿಂತಿರಬೇಕು ಎಂದು ಒಂದಷ್ಟು ಬೈದರು. ಅನ್ನ ಬೆಂದಿತು, ಅವನು ಬರಲಿಲ್ಲ. ಒಲೆ ಆರಿಸಿದರೋ ಇಲ್ಲವೋ ಅವರಿಗೇ ನೆನಪಿಲ್ಲ. ಬೇಲಿಯ ಹತ್ತಿರ ಬಂದು ಮತ್ತೆ ಹಲಗೆ ನೋಡಿದರು. ಇಪ್ಪತ್ತು. ಆಮೇಲೆ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಕಟ್ಟಿದ ದೋಣಿಗಳನ್ನು ಎಣಿಸಿದರು. ಹತ್ತೊಂಬತ್ತು. ಮೂರು ಸಲ ಎಣಿಸಿದರು. ‘ನಾನೇ ತಪ್ಪಾಗಿ ಎಣಿಸ್ತಿದ್ದೀನಿ ಅಂದ್ಕೊಂಡೆ ನರ್ಸಮ್ಮ’ ಎಂದು ಆಮೇಲೆ ನನಗೆ ಹೇಳಿದರು. ‘ಹಲಗೆ ತಪ್ಪಿರಬಹುದು ಅಂತ ಆಗಲೂ ಹೊಳೀಲಿಲ್ಲ.’

ಕಾವಲಿನವನು ಬೀಗದ ಕೈ ಮ್ಯಾನೇಜರ್ ಹತ್ತಿರವಿದೆ ಎಂದ. ಅತ್ತೆ ಕಲ್ಲೆತ್ತಿ ಬೀಗ ಒಡೆದರು. ಹನ್ನೊಂದನೇ ಮೊಳೆಯ ಬಿಲ್ಲೆ ಕೈಗೆತ್ತಿಕೊಂಡಾಗ ಬಣ್ಣ ಬೆರಳಿಗೆ ಹತ್ತಿತು. ಅವರು ಕೂಗಿದ ಕೂಗು ಹಿಂದಿನ ಬೀದಿಯ ತನಕ ಕೇಳಿತಂತೆ. ಊಟ ಬಿಟ್ಟು ಗಂಡಸರು ಓಡಿಬಂದರು. ಪಶ್ಚಿಮದಲ್ಲಿ ಇನ್ನೂ ಚೂರು ಬೆಳಕಿರುವಾಗಲೇ ಮೂರು ದೋಣಿ ಹೊರಟವು.

ಟಾರ್ಚಿನ ಬೆಳಕು ನಮ್ಮ ಮೇಲೆ ಬಿದ್ದಾಗ ಮೊದಲ ದೋಣಿಯ ಮೂತಿಯಲ್ಲಿ ಅತ್ತೆ ನಿಂತಿದ್ದರು. ತಮ್ಮನ ಕೈಗಳನ್ನು ದೋಣಿಯ ಅಂಚಿನಿಂದ ಬಿಡಿಸಲು ಇಬ್ಬರು ಬೇಕಾದರು, ಬೆರಳು ಸೆಟೆದುಹೋಗಿತ್ತು. ಅತ್ತೆ ಅವನ ಕೊರಳಿಗೆ ಕೈ ಹಾಕಿ ಬಿಲ್ಲೆ ಇದೆಯೇ ಎಂದು ಮುಟ್ಟಿ ನೋಡಿದರು. ದಾರಿಯುದ್ದಕ್ಕೂ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಸೆರಗಿನಿಂದ ತಿಕ್ಕುತ್ತಲೇ ಇದ್ದರು.

ಅವನು ಬದುಕಿದ. ನಾಲ್ಕು ದಿನ ಜ್ವರದಲ್ಲಿ ಬಿದ್ದುಕೊಂಡ, ಎಡಗೈಯ ಎರಡು ಬೆರಳಿಗೆ ಇವತ್ತಿಗೂ ಸ್ಪರ್ಶ ಸರಿಯಾಗಿಲ್ಲ. ಅವನನ್ನು ಮನೆಗೆ ಸೇರಿಸಿ ಕಂಬಳಿ ಹೊದಿಸಿದ ಕೂಡಲೇ ನಾನು ಒದ್ದೆ ಬಟ್ಟೆಯಲ್ಲೇ ಲಾಡ್ಜಿಗೆ ಹೋದೆ. ಮ್ಯಾನೇಜರ್ ಊಟದ ಹಾಲಿನಲ್ಲಿದ್ದ. ಅತ್ತೆಯಿಂದ ಇಸಿದುಕೊಂಡಿದ್ದ ತಗಡಿನ ಬಿಲ್ಲೆಯನ್ನು ಅವನ ತಟ್ಟೆಯ ಪಕ್ಕ ಎಸೆದೆ.

‘ಇದೇನು?’

‘ಅಯ್ಯೋ, ಫೋಟೋಗೆ ಮಾತ್ರ ಹಾಕಿದ್ದು ಮೇಡಂ. ತೆಗೀಬೇಕು ಅಂತಾನೇ ಇದ್ದೆ, ಮರೆತುಹೋಯ್ತು. ನೀವು ಮೊದಲು ಬಟ್ಟೆ ಬದಲಾಯಿಸಿ, ಶೀತ ಆಗುತ್ತೆ.’

ನನಗೆ ಶೀತವಾಗುತ್ತದಂತೆ! ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ದೊಡ್ಡವರಲ್ಲೊಬ್ಬರು, ‘ಪಾಪ, ಆಘಾತದಲ್ಲಿದ್ದಾರೆ’ ಎಂದು ಪಕ್ಕದವರ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

ಮೂರು ದಿನದ ಮೇಲೆ ಕಟ್ಟೆಯ ಕಚೇರಿಯಲ್ಲಿ ವಿಚಾರಣೆ. ಎಂಟು ಪ್ಲಾಸ್ಟಿಕ್ ಕುರ್ಚಿ, ಕಟಕಟ ಅನ್ನುವ ಫ್ಯಾನು, ಗೋಡೆಗೊರಗಿ ನಿಂತ ದೋಣಿಯವರು. ವಿಚಾರಣೆಗೆ ಬಂದ ಅಧಿಕಾರಿ ಒಳ್ಳೆಯ ಮಾತಿನವರು, ಎಲ್ಲರಿಗೂ ನೀರು ಕೊಡಿಸಿದರು. ಪಕ್ಕದಲ್ಲಿ ಒಬ್ಬ ಗುಮಾಸ್ತ ಬರೆದುಕೊಳ್ಳುತ್ತಿದ್ದ. ಮ್ಯಾನೇಜರ್ ತಾನು ಅತಿಥಿಗಳ ವ್ಯವಸ್ಥೆಯಲ್ಲಿದ್ದೆ ಎಂದ. ಪೇಂಟರು, ಹೇಳಿದ್ದು ಬರೆದೆ ಎಂದ. ಕಾವಲಿನವನು ಹಲಗೆ ತುಂಬಿತ್ತು ಎಂದ. ಒಂದನೇ ನಂಬರಿನ ಅಜ್ಜ, ಎಲ್ಲರಿಗಿಂತ ಹಿರಿಯರು, ನೆಲ ನೋಡುತ್ತ ನಿಂತುಬಿಟ್ಟರು. ನಾನು ಎದ್ದು ಆದದ್ದನ್ನೆಲ್ಲ ಹೇಳಿದೆ. ‘ನೀವು ಹೊರಗಿನವರು, ಇಲ್ಲಿನ ವ್ಯವಸ್ಥೆ ನಿಮಗೆ ಗೊತ್ತಿರೋಲ್ಲ’ ಎಂದರು ಅಧಿಕಾರಿ, ಬಹಳ ಮರ್ಯಾದೆಯಿಂದ. ಗುಮಾಸ್ತನ ಪೆನ್ನು ಅಲುಗಲಿಲ್ಲ.

‘ಹಾಗಾದ್ರೆ ಹಲಗೆಯ ಜವಾಬ್ದಾರಿ ಯಾರದು?’ ಎಂದು ಅವರು ಕೇಳಿದರು.

ಮ್ಯಾನೇಜರ್ ಕಿಟಕಿಯಾಚೆ ನೋಡಿದ. ಅತ್ತೆ ಎದ್ದು ನಿಂತರು.

‘ನಂದು ಸ್ವಾಮಿ. ತಪ್ಪು ನಂದೂ ಇದೆ. ಈ ಗಂಡಸರೆಲ್ಲ ಮೊದಲು ನೀರು ನೋಡ್ತಿದ್ರು. ಅದನ್ನ ಬಿಡಿಸಿ ಹಲಗೆ ನೋಡೋದು ಕಲಿಸಿದವಳು ನಾನೇ. ಅವತ್ತು ನಾನೂ ಹಲಗೆ ನಂಬಿ ಮನೆಗೆ ಹೋಗಿ ಅನ್ನಕ್ಕಿಟ್ಟೆ. ನನ್ನ ತಮ್ಮ ನೀರಲ್ಲಿ ನಿಂತಿದ್ದ. ಮೊಳೆಗೆ ಸುಳ್ಳನ್ನೂ ನೇತುಹಾಕಬಹುದು ಅಂತ ನಲವತ್ತು ವರ್ಷದಲ್ಲಿ ಒಂದು ದಿನಾನೂ ನಂಗೆ ಹೊಳೀಲಿಲ್ಲ. ಖಾಲಿ ಇರಲಿ ಅಂತ ಹೇಳಿಹೋಗಿದ್ದ ಮೊಳೆಗೆ ಅದನ್ನ ನೇತುಹಾಕಿದವರು ಯಾರು ಅಂತ ನೀವು ಕೇಳಬೇಕು.’

ಇಡೀ ಕೋಣೆಯಲ್ಲಿ ತನ್ನ ಪಾಲಿನ ತಪ್ಪನ್ನು ತಾನಾಗಿ ಎತ್ತಿಕೊಂಡವರು ಅವರೊಬ್ಬರೇ. ಗುಮಾಸ್ತ ಕೊನೆಗೆ ಓದಿ ಹೇಳಿದ: ‘ಹಲಗೆಯ ಜವಾಬ್ದಾರಿ ನನ್ನದು. ತಪ್ಪು ನನ್ನದು.’ ಅಷ್ಟೇ. ಉಳಿದದ್ದು ಎಲ್ಲಿ ಎಂದು ನಾನು ಕಿರುಚಿದೆ. ‘ಸಾರಾಂಶ ಬರೆದುಕೊಂಡಿದ್ದೀವಿ ಮೇಡಂ’ ಎಂದರು ಅಧಿಕಾರಿ. ಅತ್ತೆ ಸಹಿ ಹಾಕಿದರು. ನಾನು ತಡೆಯಲು ಹೋದೆ, ನನ್ನ ಕೈ ಸರಿಸಿ, ‘ಬರೆದಿದ್ದು ಸುಳ್ಳಲ್ವಲ್ಲ’ ಎಂದರು. ವಾರದೊಳಗೆ ಅವರನ್ನು ಕೆಲಸದಿಂದ ತೆಗೆದರು. ಕಾರಣ, ಕರ್ತವ್ಯಲೋಪ, ಮೇಲೆ ಬೀಗ ಒಡೆದದ್ದು. ಮ್ಯಾನೇಜರನಿಗೆ ಸಕಾಲದಲ್ಲಿ ಪ್ರವಾಸಿಯ ಜೀವ ಉಳಿಸಿದ್ದಕ್ಕೆ ಮೆಚ್ಚುಗೆಪತ್ರ. ಆ ಪ್ರವಾಸಿ ನಾನು! ಮನೆಗೆ ಬಂದು ಮೇಲಿನ ಕಚೇರಿಗೆ ಆರು ಪುಟದ ಕಾಗದ ಬರೆದೆ. ‘ನಿಮ್ಮ ಅಮೂಲ್ಯ ಸಲಹೆಗಳಿಗೆ ಧನ್ಯವಾದಗಳು, ಮತ್ತೆ ಭೇಟಿ ಕೊಡಿ’ ಎಂದು ಉತ್ತರ ಬಂತು. ಯಜಮಾನರು ಅದನ್ನು ನನ್ನ ಕೈಗೆ ಸಿಗದಂತೆ ಎತ್ತಿಟ್ಟರು, ಹರಿದು ಬಿಸಾಕಿಯೇನು ಎಂದಲ್ಲ, ಅದನ್ನು ಹಿಡಿದು ನೇರ ಬಸ್ಸು ಹತ್ತಿಯೇನು ಎಂದು.

ಈ ವರ್ಷ ಹೋದೆ. ಹೋಗಬೇಡ ಎಂದು ಮನೆಯವರೆಲ್ಲ ಹೇಳಿದರು. ಯಾಕೆ ಹೋಗಬಾರದು? ಕೆರೆ ಏನು ತಪ್ಪು ಮಾಡಿದೆ?

ಮ್ಯಾನೇಜರ್ ಅಲ್ಲೇ ಇದ್ದಾನೆ. ಹಲಗೆಗೆ ವಾರ್ನಿಶ್ ಹೊಡೆಸಿ, ಇಪ್ಪತ್ತೂ ಬಿಲ್ಲೆಗಳನ್ನು ಮೊಳೆಗೆ ಸೇರಿಸಿ, ಮುಂದೆ ಗಾಜು ಹಾಕಿಸಿ ಬೀಗ ಜಡಿದಿದ್ದಾನೆ. ಪಕ್ಕದಲ್ಲಿ ‘ನಮ್ಮ ಹಳೆಯ ಸಂಪ್ರದಾಯ’ ಎಂದು ಫಲಕ. ಪ್ರವಾಸಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಈಗ ಯಾರು ಎಲ್ಲಿ ಮುಳುಗಿದರೂ ಹಲಗೆ ಸದಾ ತುಂಬಿಯೇ ಇರುತ್ತದೆ. ನೋಡಿ ನನಗೆ ಉಗಿಯಬೇಕೆನಿಸಿತು. ಸುತ್ತ ಜನರಿದ್ದರೆಂದು ಸುಮ್ಮನಾದೆ.

ಹನ್ನೊಂದರಲ್ಲೇ ಹೋದೆ, ಅದೇ ತಮ್ಮನ ಜತೆ. ಸಂಜೆ ನಾಲ್ಕೂವರೆಗೆ ತಿರುಗಿ ಬಂದೆವು. ದೋಣಿ ತಾಗಿದ ಕೂಡಲೇ ಅವನು, ‘ಅಕ್ಕ, ನೀವು ಮೊದಲು ಹೋಗಿ ಹೇಳಿಬಿಡಿ, ನಾನು ಕಟ್ಟಿ ಬರ್ತೀನಿ’ ಎಂದ. ಎಲ್ಲಿಗೆ ಎಂದೆ. ಗಲ್ಲ ಎತ್ತಿ ಬೇಲಿಯ ಆಚೆ ತೋರಿಸಿದ.

ಐಸಿನ ಗೋದಾಮಿನ ಹಿಂದೆ, ಕಿರಿದಾದ ಬೀದಿಯಲ್ಲಿ ಅತ್ತೆಯ ಮನೆ. ಬಾಗಿಲು ತೆರೆದಿತ್ತು. ಹೊಸ್ತಿಲ ಒಳಗೆ ಕುರ್ಚಿ ಹಾಕಿಕೊಂಡು ಹರಿದ ಬಲೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ಮುಂದೆ ಇಬ್ಬರು ದೋಣಿಯವರಿದ್ದರು. ಒಬ್ಬ ಬಾಗಿಲ ಮುಂದೆ ನಿಂತು, ‘ಏಳು, ಬಂದೆ ಅತ್ತೆ’ ಎಂದ. ಅವರು ತಲೆಯೆತ್ತಿ ಅವನ ಮುಖ ನೋಡಿದರು, ‘ಹ್ಞೂಂ’ ಎಂದರು, ಅವನು ಹೋದ. ಆಮೇಲೆ ಒಂದನೇ ನಂಬರಿನ ಅಜ್ಜ ಕೋಲೂರಿಕೊಂಡು ಬಂದು ಮುಖ ತೋರಿಸಿ ಹೋದರು. ಯಾರೂ ಹೇಳಿದ್ದಲ್ಲವಂತೆ. ಅತ್ತೆಯನ್ನು ತೆಗೆದುಹಾಕಿದ ಮಾರನೇ ಸಂಜೆ ಅಜ್ಜ ಒಬ್ಬರೇ ಬಂದು ನಿಂತರಂತೆ, ವಿಚಾರಣೆಯಲ್ಲಿ ಬಾಯಿ ಬಿಡದ ಅದೇ ಅಜ್ಜ. ಆಮೇಲೆ ಒಬ್ಬೊಬ್ಬರಾಗಿ ಇಪ್ಪತ್ತೂ ಜನ. ಹುಡುಕಲು ಹೋಗಬೇಕೆಂದರೆ ಹೇಳುವವರೂ ಅತ್ತೆಯೇ. ಸಂಬಳ ಕೊಡುವವರಿಲ್ಲ, ಕೇಳುವವರಿಲ್ಲ, ಯಾವ ಕಾಗದದಲ್ಲೂ ಇಲ್ಲದ ಕೆಲಸ.

ನಾನು ಬಾಗಿಲ ಮುಂದೆ ನಿಂತೆ. ವರ್ಷದ ಮೇಲೆ ಕಂಡದ್ದು, ಓಡಿಬಂದು ತಬ್ಬಿಕೊಳ್ಳುತ್ತಾರೇನೋ ಎಂದುಕೊಂಡಿದ್ದೆ.

‘ಹನ್ನೊಂದು ಬಂತು ಅತ್ತೆ’ ಎಂದೆ.

ಅವರು ನನ್ನನ್ನು ನೋಡಿದರು, ನನ್ನ ಹಿಂದಿನ ಖಾಲಿ ಬೀದಿಯನ್ನು ನೋಡಿದರು.

‘ನೀವು ಬಂದ್ರಿ. ಅವನೆಲ್ಲಿ?’

‘ದೋಣಿ ಕಟ್ತಿದ್ದಾನೆ. ಈಗ ಬರ್ತಾನೆ. ನಾನೇ ಹೇಳ್ತಿದ್ದೀನಲ್ಲ?’

‘ನೀವು ಹೇಳಿದ್ರೆ ಆಗಲ್ಲ ನರ್ಸಮ್ಮ.’

ಬಲೆ ಕೆಳಗಿಟ್ಟು ಎದ್ದರು. ನನ್ನನ್ನು ಪಕ್ಕಕ್ಕೆ ಸರಿಸಿ ಹೊಸ್ತಿಲ ಹೊರಗೆ ಬಂದು ನಿಂತರು. ಬೀದಿಯ ತುದಿಯಲ್ಲಿ ತಮ್ಮ ಕಾಣಿಸಿಕೊಂಡು, ಮನೆಯ ತನಕ ನಡೆದು ಬಂದು, ಎದುರಿಗೆ ನಿಲ್ಲುವ ತನಕ ಅವರು ಬೀದಿಯಿಂದ ಕಣ್ಣು ತೆಗೆಯಲಿಲ್ಲ.